ಕಿರಾಣಿ, ಗಿರಣಿ, ಇಸ್ತ್ರಿ: ದುಡಿಯುವ ಅಪ್ಪ ಅಮ್ಮಂದಿರ ಓಡಾಟ ಮಾಡಿಕೊಡುವ ಕೆಲಸ ಶುರು ಮಾಡಬೇಕು, ಹೇಗೆ?

ಪ್ರಶ್ನೆ (ಟಿಳಕವಾಡಿ, ಬೆಳಗಾವಿ):

ನಮಸ್ಕಾರ ಸರ್. ಎರಡನೇ ಮಗು ಆದ ಮೇಲೆ ಆಫೀಸ್ ಕೆಲಸ ಬಿಟ್ಟು ಮನೆಯಲ್ಲಿದ್ದೇನೆ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಗಳೇ ಜಾಸ್ತಿ. ಕೆಲವರು ಉದ್ಯಮಬಾಗದ ಕಾರ್ಖಾನೆಗಳಿಗೆ ಹೋಗುತ್ತಾರೆ, ಕೆಲವರು ಆಸ್ಪತ್ರೆ, ಬ್ಯಾಂಕಿಗೆ. ಸಂಜೆ ಏಳಕ್ಕೆ ಬಂದವರು ಮಕ್ಕಳ ಹೋಂವರ್ಕ್ ನೋಡಬೇಕೋ, ಕಾಯಿಪಲ್ಯಕ್ಕೆ ಓಡಬೇಕೋ? ಹೋದ ತಿಂಗಳು ಎರಡು ಮನೆಗೆ ಸುಮ್ನೆ ಸಹಾಯ ಅಂತ ಸಾಮಾನು ತಂದುಕೊಟ್ಟೆ. ಈಗ ಐದು ಮನೆಯವರು ಕೇಳುತ್ತಿದ್ದಾರೆ. ನನ್ನ ಹತ್ತಿರ ಸ್ಕೂಟಿ ಇದೆ.

ರವಿವಾರ ಪೇಟೆಯಿಂದ ಸಗಟಿನಲ್ಲಿ ತಂದು, ಹತ್ತು ಪರ್ಸೆಂಟ್ ಲಾಭ ಇಟ್ಟು ಮನೆಗೆ ಕೊಡೋಣ, ಡೆಲಿವರಿ ಚಾರ್ಜ್ ಬೇಡ ಅಂತ ಯೋಚನೆ. ಜೊತೆಗೆ ಗಿರಣಿ, ಇಸ್ತ್ರಿ ಬಟ್ಟೆ, ಔಷಧಿ ಇಂಥ ಕೆಲಸಗಳೂ. ಮನೆಯವರು ಮೊದಲು ಆಪ್ ಮಾಡಿಸು ಅನ್ನುತ್ತಾರೆ. ಯಾವ ಲೈಸೆನ್ಸ್ ಬೇಕು? ಸಾಲ ಎಷ್ಟು ಮಾಡಬೇಕಾಗುತ್ತದೆ?

ಉತ್ತರ (ತೆರಿಗೆ ಮತ್ತು ಲೆಕ್ಕಪತ್ರ ಸಲಹೆಗಾರ, ಬೆಳಗಾವಿ):

ನಮಸ್ಕಾರ ಅಕ್ಕಾ. ಒಳ್ಳೆಯ ಕೆಲಸ, ಖಂಡಿತ ಮಾಡಿ. ನನ್ನ ಹೆಂಡತಿ ಶಾಲೆಯಲ್ಲಿ ಟೀಚರ್. ಜೋಳ ಬೀಸಿಸಿಕೊಂಡು ಬರುವುದರಲ್ಲೇ ನಮ್ಮ ಮನೆಯ ಎಷ್ಟೋ ಭಾನುವಾರಗಳು ಹೋಗಿವೆ. ನಿಮ್ಮಂಥವರು ಒಬ್ಬರು ಇದ್ದರೆ ಎಷ್ಟು ಅನುಕೂಲ ಅಂತ ನನಗೆ ಚೆನ್ನಾಗಿ ಗೊತ್ತು.

ಆದರೆ ಸಗಟಿನಲ್ಲಿ ತಂದು ಮಾರುವ ಯೋಚನೆ ಬಿಟ್ಟುಬಿಡಿ. ಹಾಗೆ ಮಾರಿದ ದಿನದಿಂದ ನೀವು ಕಿರಾಣಿ ಅಂಗಡಿಯವರು. ಬಂಡವಾಳ ಹಾಕಬೇಕು, ಮನೆಯಲ್ಲಿ ಸ್ಟಾಕ್ ಇಡಬೇಕು, ಬೇಳೆಗೆ ಹುಳ ಬಿದ್ದರೆ ನಷ್ಟ ನಿಮ್ಮದೇ. ಚೀಲ ಒಡೆದು ತೂಗಿ ಮಾರಿದರೆ ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬೇಕು. ಮೊದಲೇ ಪ್ಯಾಕ್ ಮಾಡಿಟ್ಟರೆ ತೂಕ, ದರ, ತಿಂಗಳು ಎಲ್ಲ ಅದರ ಮೇಲೆ ಬರೆಯಬೇಕು. ಎಂಆರ್‌ಪಿ ದಾಟಿ ಒಂದು ರೂಪಾಯಿ ತೆಗೆದುಕೊಳ್ಳುವಂತಿಲ್ಲ. ಎಣ್ಣೆ, ಸಕ್ಕರೆಯಲ್ಲಿ ಹತ್ತು ಪರ್ಸೆಂಟ್ ಉಳಿಯುವುದೂ ಇಲ್ಲ.

ನಿಮ್ಮ ಗಿರಾಕಿಗಳಿಗೆ ಬೇಕಾಗಿರುವುದು ನಿಮ್ಮ ಓಡಾಟ. ಅದಕ್ಕೇ ಬೆಲೆ ಕಟ್ಟಿ. ಅವರು ಹೇಳಿದ ಅಂಗಡಿಯಿಂದ, ಅವರ ಹೆಸರಿನ ಬಿಲ್ಲಿನಲ್ಲಿ, ಬಿಲ್ಲಿನಲ್ಲಿ ಇದ್ದಷ್ಟೇ ದುಡ್ಡಿಗೆ ತಂದುಕೊಡಿ. ನಿಮ್ಮ ಓಡಾಟದ ಚಾರ್ಜ್ ಬೇರೆ ಚೀಟಿಯಲ್ಲಿ ಬರೆಯಿರಿ.

ಒಂದು ಲೆಕ್ಕ ಹಾಕಿ ನೋಡೋಣ. 30 ಮನೆ, ಒಂದೊಂದು ಮನೆಗೆ ವಾರಕ್ಕೆ ಎರಡು ಸಲ. ಆರು ದಿನ ಕೆಲಸ ಮಾಡಿದರೆ ದಿನಕ್ಕೆ 10 ಮನೆ ಆಯಿತು. ಮನೆಗೆ ತಿಂಗಳಿಗೆ 600 ರೂಪಾಯಿ ಇಟ್ಟರೆ 18,000 ಬರುತ್ತದೆ. ದಿನಕ್ಕೆ 20 ಕಿ.ಮೀ. ಓಡಿದರೆ ಪೆಟ್ರೋಲಿಗೆ ಸುಮಾರು 1,200, ಗಾಡಿ ಸರ್ವಿಸ್, ಟೈರು, ಫೋನು, ಚೀಲ ಅಂತ ಇನ್ನೊಂದು 1,500. ಕೈಯಲ್ಲಿ 15,000 ಚಿಲ್ಲರೆ ಉಳಿಯುತ್ತದೆ. ಇಷ್ಟಕ್ಕೆ ಸಾಲವೇ ಬೇಡ. ಮುಂದೆ ಇನ್ನೊಂದು ಗಾಡಿ ಬೇಕಾದಾಗ ಕೇಂದ್ರ ಸರ್ಕಾರದ ಮುದ್ರಾ ಯೋಜನೆಯಲ್ಲಿ ‘ಶಿಶು’ ಅನ್ನುವ ಸಣ್ಣ ಸಾಲ 50,000ದವರೆಗೆ ಸಿಗುತ್ತದೆ, ಆಗ ನೋಡೋಣ.

ಈಗ ಹೇಳುವುದನ್ನು ದಯವಿಟ್ಟು ಎರಡು ಸಲ ಓದಿ. ಒಂದು ಮನೆಯ ಸಾಮಾನು ಒಂದು ಸಲಕ್ಕೆ 800 ರೂಪಾಯಿ ಅಂದುಕೊಳ್ಳಿ. ದಿನಕ್ಕೆ 8,000, ತಿಂಗಳಿಗೆ 26 ದಿನ, ವರ್ಷಕ್ಕೆ ಸುಮಾರು 25 ಲಕ್ಷ. ಗಿರಾಕಿಗಳು ಈ ದುಡ್ಡನ್ನೆಲ್ಲ ನಿಮ್ಮ ಫೋನ್‌ಪೇಗೆ ಹಾಕಿ, ನೀವು ಅಂಗಡಿಗೆ ಕೊಟ್ಟರೆ ಏನಾಗುತ್ತದೆ? ನಿಮ್ಮ ನಿಜವಾದ ದುಡಿಮೆ ವರ್ಷಕ್ಕೆ 2 ಲಕ್ಷದ ಆಸುಪಾಸು. ಖಾತೆಗೆ ಬಂದದ್ದು ಮಾತ್ರ 27 ಲಕ್ಷ. ಸೇವೆ ಕೊಡುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷದ ವಹಿವಾಟು 20 ಲಕ್ಷ, ಸಾಮಾನು ಮಾರುವವರಿಗೆ 40 ಲಕ್ಷ. 2025ರ ಜುಲೈನಲ್ಲಿ ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿಯೇ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತ್ತು, ನೆನಪಿದೆ ಅಲ್ವಾ? ಬೆಂಗಳೂರಿನಲ್ಲಿ ಎಷ್ಟೋ ಅಂಗಡಿಯವರು ಕ್ಯೂಆರ್ ಕೋಡ್ ತೆಗೆದು ‘ನಗದು ಮಾತ್ರ’ ಅಂತ ಬೋರ್ಡ್ ಹಾಕಿದ್ದರು.

ಕಾನೂನು ನಿಮ್ಮ ಪರವಾಗಿಯೇ ಇದೆ. ಕೇಂದ್ರ ಜಿಎಸ್‌ಟಿಯ (ಸಿಜಿಎಸ್‌ಟಿ) ನಿಯಮ 33ರಲ್ಲಿ ‘ಪ್ಯೂರ್ ಏಜೆಂಟ್’ ಅಂತ ಒಂದು ದಾರಿ ಇದೆ. ಗಿರಾಕಿಯ ಒಪ್ಪಿಗೆಯಿಂದ, ಗಿರಾಕಿಗಾಗಿ ಖರ್ಚು ಮಾಡಿದ ದುಡ್ಡನ್ನು ನಿಮ್ಮ ಸೇವೆಯ ಬೆಲೆಗೆ ಸೇರಿಸುವುದಿಲ್ಲ. ಆದರೆ ಖರ್ಚಾದಷ್ಟೇ ತೆಗೆದುಕೊಂಡಿರಬೇಕು, ಅದನ್ನು ಬಿಲ್ಲಿನಲ್ಲಿ ಬೇರೆಯಾಗಿ ತೋರಿಸಬೇಕು. ನೋಟಿಸ್ ಬಂದ ದಿನ ಇದನ್ನು ತೋರಿಸಲು ಕಾಗದ ಬೇಕಲ್ಲ? ಅದಕ್ಕಿಂತ ಆ ದುಡ್ಡು ನಿಮ್ಮ ಖಾತೆಗೆ ಬರದಂತೆ ನೋಡಿಕೊಳ್ಳುವುದು ಸುಲಭ. ಅಂಗಡಿಯಲ್ಲಿ ನಿಂತು ಬಿಲ್ ಮತ್ತು ಅಂಗಡಿಯ ಕ್ಯೂಆರ್ ಕೋಡಿನ ಫೋಟೊ ಗಿರಾಕಿಗೆ ವಾಟ್ಸಾಪ್ ಮಾಡಿ. ಅವರೇ ನೇರವಾಗಿ ಹಾಕಲಿ. ಕಾಯಿಪಲ್ಯದ ಬುಟ್ಟಿ ಇಟ್ಟುಕೊಂಡು ಕೂತ ಅಜ್ಜಿಗೆ ಕೊಡುವುದು ಮಾತ್ರ ನಿಮ್ಮ ಕೈಯಿಂದ ನಗದು, ಅದಕ್ಕೊಂದು ವಹಿ ಇಡಿ. ಓಡಾಟದ ಚಾರ್ಜ್ ಬರಲು ಒಂದು ಬೇರೆ ಖಾತೆ ತೆಗೆಯಿರಿ.

ಲೈಸೆನ್ಸ್ ವಿಷಯ ಅಷ್ಟು ದೊಡ್ಡದಲ್ಲ. ಸಣ್ಣ ಉದ್ದಿಮೆಗಳಿಗೆ ಇರುವ ಸರ್ಕಾರದ ಉದ್ಯಮ್ ನೋಂದಣಿ ಆನ್‌ಲೈನಿನಲ್ಲಿ ಆಗುತ್ತದೆ, ಒಂದು ಪೈಸೆ ಶುಲ್ಕ ಇಲ್ಲ. ದುಡ್ಡು ಕೇಳುವ ವೆಬ್‌ಸೈಟ್ ಸಿಕ್ಕರೆ ಅದು ಸರ್ಕಾರದ್ದಲ್ಲ. ತಿನ್ನುವ ಪದಾರ್ಥ ಸಾಗಿಸುವವರೂ ಆಹಾರ ಸುರಕ್ಷತಾ ಕಾಯ್ದೆಯೊಳಗೆ ಬರುತ್ತಾರೆ. ಸಣ್ಣವರಿಗೆ ಇರುವ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿ. ಆಫೀಸ್ ಅಂತ ಜಾಗ ಹಿಡಿದರೆ ಕಾರ್ಮಿಕ ಇಲಾಖೆಯಲ್ಲಿ ನೋಂದಣಿ, ಮಹಾನಗರ ಪಾಲಿಕೆಯಲ್ಲಿ ಟ್ರೇಡ್ ಲೈಸೆನ್ಸ್ ವಿಚಾರಿಸಿ. ಸ್ಕೂಟಿಯ ಇನ್ಶೂರೆನ್ಸ್ ಮಾತ್ರ ಈ ವಾರವೇ ನೋಡಿ. ಸ್ವಂತ ಬಳಕೆಗೆ ಅಂತ ಮಾಡಿಸಿದ ಪಾಲಿಸಿ ಇದ್ದು, ದುಡಿಮೆಯ ಓಡಾಟದಲ್ಲಿ ಅಪಘಾತ ಆದರೆ ಕ್ಲೇಮಿಗೆ ತಕರಾರು ಬರಬಹುದು. ಏಜೆಂಟರನ್ನು ಕೇಳಿ, ಉತ್ತರ ಬರಹದಲ್ಲಿ ತೆಗೆದುಕೊಳ್ಳಿ.

ಆಪ್ ಈಗ ಬೇಡ ಅಂತ ಮನೆಯವರಿಗೆ ಹೇಳಿ. 30 ಮನೆಗೆ ವಾಟ್ಸಾಪ್ ಸಾಕು.

ಮರುಪ್ರಶ್ನೆ (ಅದೇ ಟಿಳಕವಾಡಿಯವರು):

ತುಂಬಾ ಥ್ಯಾಂಕ್ಸ್ ಸರ್. ಫೋನ್‌ಪೇ ವಿಷಯ ನನಗೆ ಹೊಳೆದೇ ಇರಲಿಲ್ಲ. ಇನ್ನೆರಡು ಕೇಳುತ್ತೇನೆ. ಅಂಗಡಿಯ ಕಾಕಾ ‘ಗಿರಾಕಿ ತಂದುಕೊಟ್ಟರೆ ನೂರಕ್ಕೆ ಮೂರು ರೂಪಾಯಿ ನಿನಗೆ’ ಅಂದಿದ್ದಾರೆ. ತೆಗೆದುಕೊಳ್ಳಲಾ? ಮತ್ತೆ ಒಂದಿಬ್ಬರು ಈಗಲೇ ‘ತಿಂಗಳ ಕೊನೆಗೆ ಕೊಡ್ತೀವಿ’ ಅನ್ನುತ್ತಿದ್ದಾರೆ.

ಉತ್ತರ:

ಕಮಿಷನ್ ತೆಗೆದುಕೊಂಡರೆ ನಾಳೆ ಅದೇ ಅಂಗಡಿಯಲ್ಲಿ ಬೇಳೆ ಹಳೆಯದಿದ್ದರೂ ನಿಮಗೆ ಬಾಯಿ ಬಿಟ್ಟು ಹೇಳಲು ಆಗುವುದಿಲ್ಲ. ಕಾಕಾಗೆ ಹೇಳಿ, ಆ ಮೂರು ರೂಪಾಯಿ ಗಿರಾಕಿಯ ಬಿಲ್ಲಿನಲ್ಲೇ ಕಡಿಮೆ ಮಾಡಲಿ. ಗಿರಾಕಿಗೆ ನಿಮ್ಮ 600 ರೂಪಾಯಿ ಭಾರ ಅನಿಸುವುದಿಲ್ಲ.

ಉದ್ದರಿ ಬೇಡವೇ ಬೇಡ. ನನ್ನ ಹತ್ತಿರ ಲೆಕ್ಕ ಬರೆಸುತ್ತಿದ್ದ ಒಬ್ಬ ಹುಡುಗ ಹೀಗೇ ಮನೆಮನೆಗೆ ಸಾಮಾನು ಕೊಡುತ್ತಿದ್ದ. ಬಹಳ ಒಳ್ಳೆಯ ಹುಡುಗ, ಯಾರಿಗೂ ಇಲ್ಲ ಅನ್ನುತ್ತಿರಲಿಲ್ಲ. ಅಂಗಡಿಗೆ ತನ್ನ ಕೈಯಿಂದ ಕಟ್ಟಿ, ಮನೆಗಳಿಂದ ಬರುವುದನ್ನು ಕಾಯುತ್ತಿದ್ದ. ಕೆಲಸ ಜೋರಾಗಿ ಓಡುತ್ತಿದ್ದಾಗಲೇ ಕೈಯಲ್ಲಿ ಪೆಟ್ರೋಲಿಗೂ ದುಡ್ಡಿಲ್ಲದೆ ನಿಲ್ಲಿಸಿದ. ಅವನ ಉದ್ದರಿ ವಹಿ ಇನ್ನೂ ನನ್ನ ಕಪಾಟಿನಲ್ಲಿದೆ. ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ನಿಮ್ಮ ಚಾರ್ಜನ್ನು ತಿಂಗಳ ಒಂದನೇ ತಾರೀಖಿಗೇ ತೆಗೆದುಕೊಳ್ಳಿ.

ಪ್ರತಿಕ್ರಿಯೆ (ಸದಾಶಿವನಗರದ ಒಬ್ಬ ತಾಯಿ):

ಗಿರಾಕಿಯಾಗಿ ನಾನೊಂದು ಹೇಳಲಾ ಅಕ್ಕಾ? ಇಂಥ ಕೆಲಸ ಮಾಡುವ ಒಬ್ಬರು ನಮಗೂ ಇದ್ದರು. ಕೊತ್ತಂಬರಿ ಇಲ್ಲ, ಏನು ಮಾಡಲಿ ಅಂತ ಮೀಟಿಂಗ್ ನಡುವೆ ನಾಲ್ಕು ಸಲ ಫೋನ್ ಮಾಡುತ್ತಿದ್ದರು. ‘ಸಿಗದಿದ್ದರೆ ಬಿಡಿ’ ಯಾವುದು, ‘ಸಿಗದಿದ್ದರೆ ಬೇರೆ ತನ್ನಿ’ ಯಾವುದು ಅಂತ ಮೊದಲೇ ಬರೆಸಿಕೊಳ್ಳಿ. ಇನ್ನೊಂದು, ನಮ್ಮ ಅತ್ತೆ ಚೀಟಿ ಬರೆಯುವುದು ಮರಾಠಿಯಲ್ಲಿ. ಪೋಹೆ ಅಂದರೆ ಅವಲಕ್ಕಿ, ಹರಭರಾ ಡಾಳ ಅಂದರೆ ಕಡಲೆ ಬೇಳೆ. ಸಾಮಾನು ತರುವವರು ಅದನ್ನು ತಿಳಿಯದೆ ತೊಗರಿ ಬೇಳೆ ತಂದುಬಿಟ್ಟಿದ್ದರು. ಹೋಳಿಗೆ ಮಾಡುವ ದಿನ ಅದು.

ಉತ್ತರ:

ಬಹಳ ಉಪಯೋಗದ ಮಾತು ಹೇಳಿದಿರಿ ತಾಯಿ. ಟಿಳಕವಾಡಿ ಅಕ್ಕಾ, ಮನೆಗೊಂದು ಪುಟ ಇಡಿ. ಯಾವ ಬ್ರ್ಯಾಂಡ್ ಎಣ್ಣೆ, ಗೋಧಿ ಎಷ್ಟು ಸಣ್ಣ ಬೀಸಬೇಕು, ಅವರ ಮನೆಯಲ್ಲಿ ಯಾವುದಕ್ಕೆ ಏನಂತಾರೆ, ಎಲ್ಲ ಅಲ್ಲಿ ಬರೆದಿರಲಿ. ಹತ್ತು ನಿಮಿಷಕ್ಕೆ ತರುವ ಆಪ್‌ಗಳ ಜೊತೆ ವೇಗದಲ್ಲಿ ಪೈಪೋಟಿಗೆ ಹೋಗಬೇಡಿ. ಅವರು ಗಿರಣಿಯಲ್ಲಿ ನಿಂತು ನಮ್ಮ ಜೋಳ ಬೀಸಿಸಿಕೊಡುವುದಿಲ್ಲ. ಬ್ಲೌಸ್ ಟೇಲರ್ ಹತ್ತಿರ ಹೋಗುವುದಿಲ್ಲ.

ಸುತ್ತು ಸಣ್ಣದಿರಲಿ. ರೈಲ್ವೆ ಗೇಟಿನ ಒಂದೇ ಬದಿ ಹಿಡಿಯಿರಿ. ಗೇಟ್ ಬಿದ್ದರೆ ಅಲ್ಲೇ ಹೊತ್ತು ಹೋಗುತ್ತದೆ. ನಮ್ಮ ಮಳೆ ಗೊತ್ತಲ್ಲ, ಜೂನ್‌ನಿಂದ ಬಿಡದೆ ಹಿಡಿದರೆ ಹಿಟ್ಟು ಮನೆ ಮುಟ್ಟುವುದರೊಳಗೆ ಮುದ್ದೆಯಾಗುತ್ತದೆ. ಮುಚ್ಚಳ ಇರುವ ಡಬ್ಬಿ ಗಾಡಿಗೆ ಕಟ್ಟಿಸಿ. ಗಣೇಶ ಚೌತಿಯ ಹಿಂದಿನ ವಾರ ಗಣಪತ ಗಲ್ಲಿಯಲ್ಲಿ ಗಾಡಿ ಹೋಗುವುದು ಕಷ್ಟ, ಹಬ್ಬದ ಸಾಮಾನು ಹತ್ತು ದಿನ ಮೊದಲೇ ಬರೆಸಿಕೊಳ್ಳಿ.

ಪ್ರಶ್ನೆ (ವಿಜಯಪುರ):

ಸರ್, ನಮ್ಮಲ್ಲಿ ಇದೇ ಕೆಲಸ ತಂಗಿಯ ಜೊತೆ ಮಾಡಬೇಕು ಅಂತಿದ್ದೀನಿ. ಮಕ್ಕಳನ್ನು ಶಾಲೆಯಿಂದ ಕರೆದುಕೊಂಡು ಬರೋದೂ ಸೇರಿಸಿದರೆ ಹೇಗೆ? ಔಷಧಿ ತರೋದಕ್ಕೆ ಲೈಸೆನ್ಸ್ ಬೇಕಾ?

ಉತ್ತರ:

ಮಕ್ಕಳನ್ನು ಕರೆತರುವುದು ಈಗ ಬೇಡ ತಮ್ಮಾ. ಊಟದ ಡಬ್ಬಿ ಶಾಲೆಗೆ ಮುಟ್ಟಿಸಿ, ಪುಸ್ತಕ ತನ್ನಿ, ಅದು ಸರಿ. ಮಗುವನ್ನು ಗಾಡಿ ಮೇಲೆ ಕೂರಿಸಿಕೊಳ್ಳುವ ಜವಾಬ್ದಾರಿಯೇ ಬೇರೆ. ಯಾರ ಮನೆಯ ಕೀಲಿಯನ್ನೂ ಇಟ್ಟುಕೊಳ್ಳಬೇಡಿ. ಅಜ್ಜಿ, ಪಕ್ಕದ ಮನೆ, ವಾಚ್‌ಮನ್, ಸಾಮಾನು ಯಾರಿಗೆ ಕೊಡಬೇಕು ಅಂತ ಮೊದಲೇ ಬರೆಸಿಕೊಳ್ಳಿ.

ಔಷಧಿ ಮಾರಲು ಅಥವಾ ಮನೆಯಲ್ಲಿ ತಂದಿಟ್ಟು ಕೊಡಲು ಲೈಸೆನ್ಸ್ ಬೇಕೇ ಬೇಕು. ಆ ರೋಗಿಯ ಡಾಕ್ಟರ್ ಚೀಟಿ ತೋರಿಸಿ, ಅವರ ಹೆಸರಿನಲ್ಲೇ ಬಿಲ್ ಮಾಡಿಸಿ, ಕವರ್ ಪಿನ್ ಹೊಡೆಸಿ ತಂದುಕೊಡುವುದು ಬರೀ ಓಡಾಟದ ಕೆಲಸ. ‘ಆ ಕಂಪನಿಯದಿಲ್ಲ, ಇದನ್ನು ಒಯ್ಯಿರಿ’ ಅಂತ ಅಂಗಡಿಯವರು ಅಂದರೆ ನೀವು ಒಪ್ಪಬೇಡಿ. ಮನೆಯವರು ಡಾಕ್ಟರನ್ನು ಕೇಳಲಿ.

ಮತ್ತೆ ನಿಮ್ಮ ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ಕಾಯಿಪಲ್ಯ, ಹಾಲು ಬೆಳಿಗ್ಗೆ ಹತ್ತರೊಳಗೆ ಮುಗಿಸಿ. ಉಳಿದದ್ದು ಸಂಜೆ ಐದರ ಮೇಲೆ. ನಡುವೆ ಇಬ್ಬರೂ ಮನೆಯಲ್ಲಿರಿ.

ಟಿಳಕವಾಡಿಯವರು:

ಸರ್, ಸೋಮವಾರದಿಂದ ಐದೇ ಮನೆಯಿಂದ ಶುರು ಮಾಡುತ್ತೇನೆ. ಇವತ್ತು ಬ್ಯಾಂಕಿನಲ್ಲಿ ಬೇರೆ ಖಾತೆಯ ಫಾರ್ಮ್ ತುಂಬಿ ಬಂದೆ. ಕಾಕಾ ಮೂರು ರೂಪಾಯಿಗೆ ಒಪ್ಪಲಿಲ್ಲ, ಎರಡು ರೂಪಾಯಿ ಬಿಲ್ಲಿನಲ್ಲಿ ಬಿಡುತ್ತೇನೆ ಅಂದರು.

ಉತ್ತರ:

ಎರಡಾದರೂ ಸರಿ, ಗಿರಾಕಿಗಳಿಗೆ ಹೇಳಿಬಿಡಿ. ಒಂದು ತಿಂಗಳು ಆದ ಮೇಲೆ ವಹಿ ತೆಗೆದುಕೊಂಡು ನನ್ನ ಆಫೀಸಿಗೆ ಬನ್ನಿ, ಕೂತು ನೋಡೋಣ. ಫೀಸ್ ಬೇಡ. ಬರುವಾಗ ನಮ್ಮ ಮನೆಗೆ ಹತ್ತು ಕಿಲೋ ಜೋಳ ಬೀಸಿಸುವುದು ನಿಮ್ಮ ಆರನೇ ಮನೆಯ ಲೆಕ್ಕ ಅಂತ ಬರೆದುಕೊಳ್ಳಿ, ಚಾರ್ಜ್ ಸಮೇತ.