ಪಶ್ಚಿಮದ ಗೋಡೆಗೆ ಹೊರಗಿನಿಂದ ಇನ್ಸುಲೇಷನ್: ಪಕ್ಕದವರ ಓಣಿಯಲ್ಲಿ ಸಾರುವೆ ಹಾಕೋ ಹಕ್ಕು ಇದೆಯಾ?

ಪಡುಗೋಡೆ: ಬೆಂಗಳೂರು, 30×40 ಸೈಟು. ಪಶ್ಚಿಮದ ಗೋಡೆ 30 ಅಡಿ ಉದ್ದ, 20 ಅಡಿ ಎತ್ತರ. ಸಂಜೆ ಮುಟ್ಟಿದರೆ ಕಾದ ಹೆಂಚು. ಹೊರಗಿನಿಂದ 50 ಮಿ.ಮೀ. ಇಪಿಎಸ್ (ಥರ್ಮೋಕೋಲ್) ಹಲಗೆ ಅಂಟಿಸಬೇಕು. ನಮ್ಮ ಕಡೆ ಇರೋದು 1 ಅಡಿ, ಆಮೇಲೆ ಪಕ್ಕದವರ 3 ಅಡಿ ಓಣಿ. ಒಂದು ವಾರ ಸಾರುವೆಗೆ ಜಾಗ ಕೇಳಿದರೆ ಆಗಲ್ಲ ಅಂತಾರೆ.

ಲಾಪಾಯಿಂಟ್: ಇಂಗ್ಲೆಂಡಿನಲ್ಲಿ 1992ರ ಕಾಯ್ದೆ ಪ್ರಕಾರ ಪಕ್ಕದವರ ಜಾಗಕ್ಕೆ ಹೋಗಲು ಕೋರ್ಟೇ ಆದೇಶ ಕೊಡುತ್ತೆ. ನಮ್ಮಲ್ಲೂ 1882ರ ಈಸ್‌ಮೆಂಟ್ (ಬೇರೆಯವರ ಜಾಗ ಬಳಸೋ ಹಕ್ಕಿನ) ಕಾಯ್ದೆ ಇದೆ, 13ನೇ ಸೆಕ್ಷನ್: ಅಗತ್ಯದ ಹಕ್ಕು.

ಅಡ್ಡಗೋಡೆ: "ಅಗತ್ಯ" ಅನ್ನೋ ಪದ ಕಂಡ ಕೂಡಲೇ ಓಡಬೇಡಿ. ಒಂದೇ ಆಸ್ತಿ ಪಾಲಾಗಿಯೋ ಮಾರಾಟವಾಗಿಯೋ ಒಡೆದಾಗ ಹುಟ್ಟೋ ಹಕ್ಕು ಅದು, ಸೆಕೆಗೆ ಹುಟ್ಟೋದಲ್ಲ. 15ನೇ ಸೆಕ್ಷನ್ನಿನ ರೂಢಿಯ ಹಕ್ಕಿಗೆ 20 ವರ್ಷ ಬಹಿರಂಗವಾಗಿ, ತಡೆಯಿಲ್ಲದೆ ಬಳಸಿರಬೇಕು. ಉಳಿದದ್ದು ಒಪ್ಪಿಗೆ ಒಂದೇ, ಅದೇ 52ನೇ ಸೆಕ್ಷನ್ನಿನ ಲೈಸೆನ್ಸ್. ಇಂಗ್ಲೆಂಡಿನ ಆ ಕಾಯ್ದೆಯೂ ಮುಖ್ಯವಾಗಿ ಇರೋದನ್ನು ಕಾಪಾಡೋ ಕೆಲಸಕ್ಕೆ.

ಲಾಪಾಯಿಂಟ್: ಲೈಸೆನ್ಸ್ ಅಂತ ನೀವೇ ಅಂದಿರಿ. ಕೆಲಸ ಶುರುವಾಗಿ ದುಡ್ಡು ಸುರಿದ ಮೇಲೆ ಅದನ್ನು ವಾಪಸ್ ಪಡೆಯೋ ಹಾಗಿಲ್ಲ. 60(ಬಿ) ಓದಿ.

ಅಡ್ಡಗೋಡೆ: ಓದಿದೀನಿ. "ಶಾಶ್ವತ ಸ್ವರೂಪದ ಕಾಮಗಾರಿ" ಅಂತಿದೆ. ಸಾರುವೆ ಶಾಶ್ವತನಾ?

ಲಾಪಾಯಿಂಟ್: ಸಾರುವೆ ಅಲ್ಲ ಸ್ವಾಮಿ, ಹಲಗೆ.

ಅಡ್ಡಗೋಡೆ: ಹಲಗೆ ಇರೋದು ಇವರ ಗೋಡೆ ಮೇಲೆ, ಲೈಸೆನ್ಸ್ ಅವರ ನೆಲಕ್ಕೆ.

ಲಾಪಾಯಿಂಟ್: ಕಾಮಗಾರಿ ಅವರ ನೆಲದಲ್ಲೇ ಇರಬೇಕು ಅಂತ 60ರಲ್ಲಿ ಎಲ್ಲಿದೆ? ಸಾಲು ತೋರಿಸಿ.

ಅಡ್ಡಗೋಡೆ: 52 ಜೊತೆ ಓದಿ. ಕೊಟ್ಟವರ ಆಸ್ತಿಯಲ್ಲಿ ಏನಾದರೂ ಮಾಡೋ ಹಕ್ಕೇ ಲೈಸೆನ್ಸ್. ರದ್ದು ಮಾಡಿದರೆ 63ರ ಪ್ರಕಾರ ಸಾಮಾನು ತೆಗೆಯಲು ನ್ಯಾಯವಾದ ಸಮಯ ಸಿಗುತ್ತೆ, ಅಷ್ಟೇ.

ಗಾರೆಮನುಷ್ಯ: ಸೆಕ್ಷನ್ನು ಆಮೇಲೆ. "ಒಂದು ವಾರ" ಅಂದವರು ಯಾರು? 56 ಚದರ ಮೀಟರಿಗೆ 1200×600 ಹಲಗೆ ವೇಸ್ಟ್ ಸೇರಿ 85, ಚದರ ಮೀಟರಿಗೆ 6ರಂತೆ 340 ಫಾಸ್ಟನರ್ (ಹಲಗೆಯನ್ನು ಗೋಡೆಗೆ ಬಿಗಿಯೋ ಮೊಳೆ). ಉದ್ದ 110 ಮಿ.ಮೀ. ಬೇಕು: ಹಲಗೆ 50, ಅಂಟು 10, ಹಳೇ ಗಾರೆ 15, ಇಟ್ಟಿಗೆಯೊಳಗೆ 35. ಅಂಟು ಹಿಡಿಯಲು ಒಂದು ದಿನ ಬಿಡದೆ ಡ್ರಿಲ್ ಹಾಕಿದರೆ ಹಲಗೆ ಜರಗುತ್ತೆ. ಆಮೇಲೆ ಮೆಶ್ (ಬಲೆ), ಜೋಡಣೆಯಲ್ಲಿ 100 ಮಿ.ಮೀ. ಒಂದರ ಮೇಲೊಂದು, 3–4 ಮಿ.ಮೀ. ಬೇಸ್‌ಕೋಟ್ (ಬಲೆ ಮುಚ್ಚೋ ತೆಳು ಗಾರೆ), ಅದು ಒಣಗಬೇಕು, ಕೊನೆಗೆ ಫಿನಿಶ್. 12 ದಿನ ಇಟ್ಟುಕೊಳ್ಳಿ. ನಡುವೆ ಸಾರುವೆ ಬಿಚ್ಚಿಸಿದರೆ ಬರೀ ಇಪಿಎಸ್ ಬಿಸಿಲಿಗೆ ಹಳದಿಯಾಗಿ ಪುಡಿ ಏಳುತ್ತೆ. ಆ ಪುಡಿ ಉಜ್ಜಿ ತೆಗೆಯದೆ ಬಳಿದ ಬೇಸ್‌ಕೋಟ್ ಹಪ್ಪಳದ ಹಾಗೆ ಎದ್ದು ಬರುತ್ತೆ.

ಪಕ್ಕದ್ಮನೆ: "12 ದಿನ"! ಅದಕ್ಕೇ ಯಾರೂ ಒಪ್ಪಲ್ಲ. ಕಂಬದ ಬುಡಕ್ಕೆ ಟೈಲ್ಸ್ ಬಿರುಕು, ಹಲಗೆ ಉಜ್ಜಿದ ಬಿಳಿ ಕಾಳು ಚರಂಡಿ ಜಾಲರಿಗೆ ಕಟ್ಟಿಕೊಂಡು ಮೊದಲ ಮಳೆಗೇ ನೀರು ನಿಲ್ಲುತ್ತೆ. ಗುಡಿಸಿದರೆ ಹೋಗಲ್ಲ ಅದು, ಹಾರುತ್ತೆ.

ಏಣಿಮರ: ಸಾರುವೆ ಯಾಕೆ, ತಾರಸಿಯಿಂದ ಜೋಕಾಲಿ ಬಿಡಿ. ನೆಲ ಮುಟ್ಟಲ್ಲ.

ಅಡ್ಡಗೋಡೆ: ನೆಲ ಮುಟ್ಟದಿದ್ದರೇನು, 1 ಅಡಿಯಲ್ಲಿ ಮನುಷ್ಯ ಕೂರಲ್ಲ. ಜೋಕಾಲಿ ಅವರ ಜಾಗದ ಮೇಲೇ ತೂಗುತ್ತೆ, ಅದಕ್ಕೂ ಒಪ್ಪಿಗೆ ಬೇಕು.

ಗಾರೆಮನುಷ್ಯ: ಕಾಳಿಗೆ ಟಾರ್ಪಾಲು, ವ್ಯಾಕ್ಯೂಮ್. ಕಂಬದಡಿ ಮರದ ಹಲಗೆ. ಶುರುವಿಗೆ ಮುಂಚೆ ಓಣಿಯ ಫೋಟೋ ಇಬ್ಬರ ಫೋನಿನಲ್ಲೂ ಇರಲಿ.

ಅಡ್ಡಗೋಡೆ: ತಾರೀಖು, ವೇಳೆ, ಡಿಪಾಸಿಟ್ ಬರೆದು ಸಹಿ ಹಾಕಿಸಿ. ಬಾಡಿಗೆ ಅಂತ ಸ್ವಲ್ಪ ದುಡ್ಡು ಕೊಟ್ಟು ರಸೀದಿ ತಗೊಳ್ಳಿ. ದುಡ್ಡು ಪಡೆದು ಕೊಟ್ಟ ಲೈಸೆನ್ಸನ್ನು ನಿಮ್ಮ ತಪ್ಪಿಲ್ಲದೆ ನಡುವೆ ಕಿತ್ತರೆ 64ರಲ್ಲಿ ಪರಿಹಾರ ಕೇಳಬಹುದು.

ಲಾಪಾಯಿಂಟ್: ಅಂದರೆ ರದ್ದು ಮಾಡೋದು ಪುಕ್ಕಟೆ ಅಲ್ಲ ಅಂತ ಈಗ ಒಪ್ಪಿದಿರಿ.

ಅಡ್ಡಗೋಡೆ: ಪರಿಹಾರ ಬೇರೆ, ಸಾರುವೆ ನಿಲ್ಲೋದು ಬೇರೆ. ಕನ್ನಡ ಅರ್ಥವಾಗಲ್ವಾ?

ಪಡುಗೋಡೆ: ಆ ಗೋಡೆ ಮೇಲೆ ಮಳೆನೀರ ಪೈಪಿದೆ. ಹಾಗೇ ಬಿಟ್ಟು ಸುತ್ತ ಅಂಟಿಸಬಹುದಾ?

ಗಾರೆಮನುಷ್ಯ: ಬೇಡ, ಸಂದಿಯಲ್ಲಿ ನೀರು ಹಿಂದಕ್ಕಿಳಿಯುತ್ತೆ. ಮೊದಲೇ ಬಿಚ್ಚಿ, ಕ್ಲಾಂಪ್ 65 ಮಿ.ಮೀ. ಮುಂದಕ್ಕೆ ತನ್ನಿ. ಪ್ಯಾರಪೆಟ್ ತಲೆಯ ಕಲ್ಲೂ ಹೊಸ ಮುಖಕ್ಕಿಂತ ಆಚೆ ಚಾಚಲಿ.