ಸಹಾಯ ಬೇಕು: ಬೆಂಗಳೂರಿಂದ ಡೆಹ್ರಾಡೂನ್‌ಗೆ ಹೋಗುವಾಗ ದೆಹಲಿಯಲ್ಲಿ ಎಷ್ಟು ಗ್ಯಾಪ್ ಬೇಕು?

ಎಲ್ಲರಿಗೂ ನಮಸ್ಕಾರ. ಅಪ್ಪ ಅಮ್ಮನನ್ನು ಡೆಹ್ರಾಡೂನ್ ಮೂಲಕ ಹರಿದ್ವಾರಕ್ಕೆ ಕರೆದುಕೊಂಡು ಹೋಗುತ್ತಿದ್ದೇನೆ. ದೇವನಹಳ್ಳಿಯಿಂದ ದೆಹಲಿ ಏರ್‌ಪೋರ್ಟ್‌ಗೆ ನೇರ ದೂರ ಸುಮಾರು 1,700 ಕಿ.ಮೀ., ಟಿಕೆಟ್‌ನಲ್ಲಿ 2 ಗಂಟೆ 50 ನಿಮಿಷ ತೋರಿಸುತ್ತಿದೆ. (ಬನಶಂಕರಿಯಿಂದ ದೇವನಹಳ್ಳಿ ಸೇರೋಕೇ ಎರಡು ಗಂಟೆ, ಅದು ಬಿಡಿ.) ದೆಹಲಿಯಿಂದ ಡೆಹ್ರಾಡೂನ್ ಹತ್ತಿರವೇ.

ತಲೆನೋವು ಇರೋದು ಮಧ್ಯದಲ್ಲಿ. ಎರಡೂ ಬೇರೆ ಬೇರೆ ಟಿಕೆಟ್. ಇಳಿಯುವುದು ಟರ್ಮಿನಲ್ 1, ಹತ್ತುವುದು ಟರ್ಮಿನಲ್ 3. ರಸ್ತೆಯಲ್ಲೇ ಹೋಗಬೇಕು. ಲಗೇಜ್ ಬೆಲ್ಟ್‌ನಿಂದ ತೆಗೆದು ಮತ್ತೆ ಕೌಂಟರ್‌ನಲ್ಲಿ ಕೊಡಬೇಕು, ಮತ್ತೆ ಸೆಕ್ಯುರಿಟಿ ಚೆಕ್. ಅಮ್ಮನಿಗೆ ಮಂಡಿನೋವು ಬೇರೆ, ವೀಲ್‌ಚೇರ್ ಹೇಳಿದ್ದೇನೆ.

3 ಗಂಟೆ ಗ್ಯಾಪ್ ಸಾಕಾ? ಟರ್ಮಿನಲ್ ಬಸ್‌ಗೆ ಕಾಯೋದಾ, ಟ್ಯಾಕ್ಸಿನೇ ವಾಸಿನಾ? ವಯಸ್ಸಾದವರ ಜೊತೆ ಹೋಗಿ ಬಂದವರು ದಯವಿಟ್ಟು ಹೇಳಿ. ಸುಮ್ನೆ ಗೂಗಲ್ ನೋಡಿ ಹೇಳೋದು ಬೇಡ, ಅದನ್ನು ನಾನೂ ನೋಡಿದ್ದೇನೆ.