ಇಬ್ಬನಿಯಲ್ಲಿ ಮುಂದಿನ ಡಿಸ್ಕ್ ಬ್ರೇಕ್ ಕಿರುಚುತ್ತದೆ, ಹಿಡಿತವೂ ಇಲ್ಲ: ದೇವಿಮನೆ ಘಟ್ಟ ಇಳಿಯುವ ಮುಂಚೆ ಸಹಾಯ ಬೇಕು

ಕೇಳಿದವರು, ಶಿರಸಿ ಹತ್ತಿರದ ಹಳ್ಳಿಯಿಂದ

ಎಲ್ಲರಿಗೂ ನಮಸ್ಕಾರ. ನನ್ನದು 29 ಇಂಚಿನ ಹಾರ್ಡ್‌ಟೇಲ್ ಎಂಟಿಬಿ, ಅಂದರೆ ಮುಂದೆ ಮಾತ್ರ ಸಸ್ಪೆನ್ಷನ್ ಇರುವ ಬೆಟ್ಟದ ಸೈಕಲ್. ಶಿಮಾನೊ ಕಂಪನಿಯ ಹೈಡ್ರಾಲಿಕ್ (ಎಣ್ಣೆಯ ಒತ್ತಡದ) ಡಿಸ್ಕ್ ಬ್ರೇಕ್, ಎರಡೂ ಕಡೆ 160 ಮಿ.ಮೀ. ರೋಟರ್ (ಚಕ್ರದ ಜೊತೆ ತಿರುಗುವ ಉಕ್ಕಿನ ತಟ್ಟೆ), ಅದನ್ನು ಹಿಡಿಯಲು ರೆಸಿನ್ ಪ್ಯಾಡ್. ಮಳೆಗಾಲ ಪೂರ್ತಿ ಜಗುಲಿಯ ಮೂಲೆಯಲ್ಲಿತ್ತು. ದೀಪಾವಳಿ ಕಳೆದ ಮೇಲೆ ಹೊರಗೆ ತೆಗೆದೆ. ಈಗ ಚಳಿ ಹದವಾಗಿದೆ. ಬೆಳಿಗ್ಗೆ ಒಂದು ತೆಳು ಸ್ವೆಟರ್ ಸಾಕು, ಒಂಬತ್ತು ಗಂಟೆಗೆ ಅದೂ ಬೇಡ. ಕೆಸರಿಲ್ಲ, ಉಂಬಳ ಇಲ್ಲ. ನಮ್ಮ ಕಡೆ ಕಾಡಿನ ದಾರಿಯಲ್ಲಿ ಸೈಕಲ್ ತುಳಿಯಲು ಇದಕ್ಕಿಂತ ಚಲೋ ದಿನಗಳು ಸಿಗುವುದಿಲ್ಲ.

ತೊಂದರೆ ಮುಂದಿನ ಬ್ರೇಕಿನದು. ಆರೂವರೆಗೆ ಮನೆ ಬಿಟ್ಟು ಸೊಪ್ಪಿನ ಬೆಟ್ಟ ಹತ್ತಿ, ಆಚೆ ಕಡೆ ತೋಟದ ಅಂಚಿಗೆ ಇಳಿಯುತ್ತೇನೆ. ಆ ಹೊತ್ತಿಗೆ ಮರದಿಂದ ಇಬ್ಬನಿ ಮಳೆಯ ಹಾಗೆ ತೊಟ್ಟಿಕ್ಕುತ್ತಾ ಇರುತ್ತದೆ. ಬ್ರೇಕ್ ಹಿಡಿದರೆ ಸಾಕು, ಕಿರುಚುವುದು ಆಚೆ ಮನೆಯವರೆಗೂ ಕೇಳುತ್ತದೆ. ಅದನ್ನಾದರೂ ತಡೆದುಕೊಳ್ಳಬಹುದು. ಆದರೆ ಲಿವರ್ ಗಟ್ಟಿ ಇದ್ದರೂ, ಎಷ್ಟು ಒತ್ತಿದರೂ ಸೈಕಲ್ ನಿಲ್ಲುತ್ತಿಲ್ಲ. ಮೊನ್ನೆ ದರಕಿನ (ಉದುರಿದ ಒಣ ಎಲೆ) ಮೇಲೆ ಹಿಂದಿನ ಚಕ್ರ ಜಾರಿತು, ಮುಂದಿನದು ಹಿಡಿಯಲಿಲ್ಲ, ಸೀದಾ ಹೋಗಿ ತೋಟದ ಅಗಳಕ್ಕೆ ಬಿದ್ದೆ. ಮೊಣಕೈ ತರಚಿತು, ಅಷ್ಟೇ. ಆದರೂ ಅವತ್ತಿನಿಂದ ಇಳಿಜಾರು ಕಂಡರೆ ಹೆದರಿಕೆ.

ಪ್ಯಾಡ್ ಕೂರುವ ಕ್ಯಾಲಿಪರ್‌ನ ಎರಡು ಬೋಲ್ಟ್ ಸಡಿಲ ಮಾಡಿ, ಲಿವರ್ ಒತ್ತಿ ಹಿಡಿದು, ಮತ್ತೆ ಬಿಗಿ ಮಾಡಿ ನೋಡಿದೆ. ರೋಟರನ್ನು ಸೋಪಿನ ನೀರಲ್ಲಿ ತೊಳೆದೆ. ಎರಡು ದಿನ ಸುಮ್ಮನಿತ್ತು, ಮತ್ತೆ ಶುರು. ಸಂಕ್ರಾಂತಿಗೆ ನಾವು ಮೂವರು ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೋಗುವವರಿದ್ದೇವೆ. ಇದು ಇಬ್ಬನಿಯಿಂದ ಆಗುತ್ತಿರುವುದಾ? ಪ್ಯಾಡ್ ಬದಲಿಸಬೇಕಾ?

ಯಲ್ಲಾಪುರದಿಂದ

ಇಬ್ಬನಿಗೆ ಎಲ್ಲರ ಡಿಸ್ಕೂ ಕೂಗುತ್ತದೆ, ನನ್ನದೂ ಕೂಗುತ್ತದೆ. ನಾಲ್ಕು ಸಲ ಹಿಡಿದು ಬಿಟ್ಟರೆ ನಿಲ್ಲುತ್ತದೆ. ತಲೆಬಿಸಿ ಮಾಡಿಕೊಳ್ಳಬೇಡಿ.

ಕಾರವಾರದಿಂದ

ಯಲ್ಲಾಪುರದವರು ಹೇಳಿದ್ದು ನೀರಿನ ಕೂಗು. ಅದು ಸರಿಯೇ, ಪ್ಯಾಡ್ ಬಿಸಿಯಾಗಿ ನೀರು ಆರಿದ ಕೂಡಲೇ ಅದು ಹೋಗುತ್ತದೆ. ಆದರೆ ಇವರ ಬ್ರೇಕ್ ಹಿಡಿಯುವುದೇ ಇಲ್ಲ ಅಂದರಲ್ಲ, ಅದು ಬೇರೆ ಕಥೆ. ಲಿವರ್ ಗಟ್ಟಿ ಇದೆ ಅಂದರೆ ಒಳಗೆ ಗಾಳಿ ಸೇರಿಲ್ಲ. ಗಾಳಿ ಸೇರಿದ್ದರೆ ಲಿವರ್ ಸ್ಪಂಜಿನ ಹಾಗೆ ಮೆತ್ತಗೆ ಹ್ಯಾಂಡಲ್‌ವರೆಗೆ ಬರುತ್ತಿತ್ತು. ಹಾಗಾಗಿ ಬ್ಲೀಡ್ ಮಾಡಿಸಿ (ಒಳಗಿನ ಗಾಳಿ ತೆಗೆಸಿ) ದುಡ್ಡು ಹಾಳು ಮಾಡಬೇಡಿ. ಒತ್ತಡ ಬರುತ್ತಿದೆ, ಉಜ್ಜುವಿಕೆ ಇಲ್ಲ. ಪ್ಯಾಡಿಗೆ ಎಣ್ಣೆ ತಾಗಿರಬೇಕು.

ಮಧ್ಯಾಹ್ನ ಬಿಸಿಲಲ್ಲಿ, ಎಲ್ಲ ಒಣಗಿರುವಾಗ ಒಮ್ಮೆ ಹೊಡೆದು ನೋಡಿ. ಆಗಲೂ ಕಿರುಚಿದರೆ ಇಬ್ಬನಿಯದ್ದಲ್ಲ. ಇನ್ನೊಂದು ಮಾತು. ಮಳೆಗಾಲ ಮುಗಿದ ಮೇಲೆ ಸೈಕಲನ್ನು ವಾಟರ್ ಸರ್ವಿಸ್‌ಗೆ ಕೊಟ್ಟಿದ್ದಿರಾ?

ಕೇಳಿದವರು

ಮಧ್ಯಾಹ್ನ ಎರಡಕ್ಕೆ ನೋಡಿದೆ. ಅಷ್ಟೇ ಕಿರುಚುತ್ತದೆ, ಬಿಸಿಯಾದಷ್ಟೂ ಜಾಸ್ತಿ. ಹೌದು, ವಾಟರ್ ಸರ್ವಿಸ್ ಮಾಡಿಸಿದ್ದೆ. ಸ್ಕೂಟರ್‌ಗೆ ಹೊಡೆದ ಹಾಗೆಯೇ ಕೊನೆಗೆ ಡೀಸೆಲ್ ಸ್ಪ್ರೇ ಹೊಡೆದು ಕೊಟ್ಟಿದ್ದರು. ಫ್ರೇಮ್ ಫಳಫಳ ಅನ್ನುತ್ತಿತ್ತು, ನನಗೂ ಖುಷಿಯಾಗಿತ್ತು.

ಕಾರವಾರದಿಂದ

ಅದೇ. ಡ್ರಮ್ ಬ್ರೇಕಿನ ಸ್ಕೂಟರ್‌ಗೆ ಅದು ನಡೆಯುತ್ತದೆ, ಬ್ರೇಕ್ ಮುಚ್ಚಿದ ಡಬ್ಬದೊಳಗೆ ಇರುತ್ತದೆ. ನಮ್ಮ ರೋಟರ್ ಬಯಲಲ್ಲಿದೆ. ಡೀಸೆಲ್ಲಿನ ಒಂದು ತೆಳು ಮಂಜು ಕೂತರೂ ಸಾಕು. ರೆಸಿನ್ ಪ್ಯಾಡ್ ಸ್ಪಂಜಿನ ಹಾಗೆ ಅದನ್ನು ಒಳಗೆ ಹೀರಿಕೊಳ್ಳುತ್ತದೆ. ನೀವು ಸೋಪಿನಲ್ಲಿ ತೊಳೆದಾಗ ಮೇಲಿನದು ಹೋಯಿತು. ಎರಡು ದಿನ ಕಳೆದು ಪ್ಯಾಡ್ ಬಿಸಿಯಾದಾಗ ಒಳಗಿನದು ಮೇಲೆ ಬಂತು. ನಿಮಗೆ ಎರಡು ದಿನ ನೆಮ್ಮದಿ ಸಿಕ್ಕಿದ್ದು ಹಾಗೆ.

ಆ ಪ್ಯಾಡ್ ಬಿಸಾಡಿ. ಹೊಸದು ತನ್ನಿ. ದಯವಿಟ್ಟು ಗ್ಯಾಸ್ ಒಲೆಯ ಮೇಲೆ ಸುಡುವ ಕೆಲಸಕ್ಕೆ ಹೋಗಬೇಡಿ. ವಿಡಿಯೊಗಳಲ್ಲಿ ರಾಶಿ ಜನ ತೋರಿಸುತ್ತಾರೆ. ಪ್ಯಾಡನ್ನು ಹಿಂದಿನ ತಗಡಿಗೆ ಅಂಟಿಸಿರುತ್ತಾರೆ, ಬೆಂಕಿಗೆ ಆ ಅಂಟು ಬಿಟ್ಟರೆ ಘಟ್ಟದ ಮಧ್ಯೆ ಪ್ಯಾಡ್ ಕಳಚಿ ಬರುತ್ತದೆ. ಎಣ್ಣೆ ಮೇಲೆ ಮೇಲೆ ತಾಗಿದ್ದರೆ 120 ನಂಬರಿನ ಎಮರಿ ಪೇಪರನ್ನು ಗಾಜಿನ ಮೇಲೆ ಹಾಸಿ ಉಜ್ಜಿ ಉಳಿಸಬಹುದಿತ್ತು. ನಿಮ್ಮದು ಆ ಹಂತ ದಾಟಿದೆ.

ರೋಟರ್ ಬದಲಿಸುವುದು ಬೇಡ, ಉಕ್ಕು ಎಣ್ಣೆ ಕುಡಿಯುವುದಿಲ್ಲ. ಐಸೊಪ್ರೊಪೈಲ್ ಆಲ್ಕೋಹಾಲ್ ತನ್ನಿ. ಮೊಬೈಲ್ ರಿಪೇರಿಯವರು ಬೋರ್ಡ್ ತೊಳೆಯಲು ಇದನ್ನೇ ಇಟ್ಟುಕೊಂಡಿರುತ್ತಾರೆ, ಅವರನ್ನು ಕೇಳಿ. ಮೆಡಿಕಲ್‌ನಲ್ಲಿ ಸಿಗುವ ಸರ್ಜಿಕಲ್ ಸ್ಪಿರಿಟ್ ಆದರೆ ಲೇಬಲ್ ಓದಿ. ಕೆಲವದರಲ್ಲಿ ಹರಳೆಣ್ಣೆ ಬೆರೆಸಿರುತ್ತಾರೆ, ಅದನ್ನು ಹಚ್ಚಿದರೆ ಮತ್ತೆ ಅದೇ ಪಾಡು. ಬಿಳಿ ಬಟ್ಟೆ ಕಪ್ಪಾಗುವುದು ನಿಲ್ಲುವವರೆಗೆ ಒರೆಸಿ. ಪ್ರತಿ ಸಲ ಬಟ್ಟೆಯ ಬೇರೆ ಭಾಗ. ಕ್ಯಾಲಿಪರ್ ಒಳಗೂ ಅದೇ ಸ್ಪಿರಿಟ್ಟಿನಲ್ಲಿ ಒರೆಸಿ.

ಹೊಸ ಪ್ಯಾಡ್ ಕೂರಿಸಿದ ಮೇಲೆ ಪಳಗಿಸಬೇಕು. ಇದನ್ನು ಬಹಳ ಜನ ಬಿಡುತ್ತಾರೆ, ಅದಕ್ಕೇ ಒತ್ತಿ ಹೇಳುತ್ತೇನೆ. ಖಾಲಿ ಡಾಂಬರು ರಸ್ತೆಯಲ್ಲಿ ಸುಮಾರು 20 ಕಿ.ಮೀ. ವೇಗಕ್ಕೆ ಹೋಗಿ, ನಡಿಗೆಯ ವೇಗಕ್ಕೆ ಬರುವವರೆಗೆ ಒಂದೇ ಸಮ ಒತ್ತಿ, ಬಿಡಿ. ಚಕ್ರ ಲಾಕ್ ಆಗಬಾರದು. ಹೀಗೆ ಇಪ್ಪತ್ತು ಸಲ. ಪ್ಯಾಡಿನ ತೆಳು ಪದರ ರೋಟರಿಗೆ ಸಮನಾಗಿ ಮೆತ್ತಿಕೊಳ್ಳಬೇಕು, ಪೂರ್ತಿ ಹಿಡಿತ ಬರುವುದು ಆಮೇಲೆಯೇ.

ಸಿದ್ದಾಪುರದಿಂದ

ಬ್ರೇಕಿನ ಬಗ್ಗೆ ಕಾರವಾರದ ಅಣ್ಣ ಹೇಳಿದ್ದಾರೆ. ನನಗೆ ಚಿಂತೆ ಆಗಿದ್ದು ನೀವು ದರಕಿನಲ್ಲಿ ಬಿದ್ದದ್ದು ಓದಿ. ಡಿಸೆಂಬರ್‌ನಿಂದ ಮೇ ತನಕ ಮಂಗನ ಕಾಯಿಲೆಯ ಕಾಲ. ಅದನ್ನು ಹರಡುವ ಉಣುಗು ಇರುವುದೇ ಆ ಒಣ ಎಲೆಗಳಲ್ಲಿ. 1957ರಲ್ಲಿ ಇದು ಮೊದಲು ಗೊತ್ತಾಗಿದ್ದು ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ. ನಮ್ಮ ಸಿದ್ದಾಪುರ, ಹೊನ್ನಾವರ ಕಡೆಯೂ ಜೀವ ಹೋಗಿದೆ. ಆರೋಗ್ಯ ಇಲಾಖೆಯವರು ಉಣುಗು ಹತ್ತಿರ ಬಾರದಂತೆ ಹಚ್ಚಿಕೊಳ್ಳುವ ಡೆಪಾ ಎಣ್ಣೆ ಕೊಡುತ್ತಾರೆ. ಕಾಡಿಗೆ ಹೊರಡುವ ಮುಂಚೆ ಕೈಕಾಲಿಗೆ ಹಚ್ಚಿಕೊಳ್ಳಿ. ಉದ್ದ ಪ್ಯಾಂಟ್ ಹಾಕಿ, ಬಂದ ಮೇಲೆ ಬಿಸಿನೀರಲ್ಲಿ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ಮಂಗ ಸತ್ತು ಬಿದ್ದಿದ್ದು ಕಂಡರೆ ಹತ್ತಿರ ಹೋಗದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಕಾಡಿಗೆ ಹೋಗಿ ಬಂದ ಒಂದು ವಾರದೊಳಗೆ ಜ್ವರ, ತಲೆನೋವು, ಮೈಕೈ ನೋವು ಬಂದರೆ ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ತಪ್ಪದೇ ಹೇಳಿ.

ಕೇಳಿದವರು

ಪ್ಯಾಡ್ ಹೊಸದು ಹಾಕಿದೆ. ಸ್ಪಿರಿಟ್ ಮೊಬೈಲ್ ಅಂಗಡಿಯಲ್ಲೇ ಸಿಕ್ಕಿತು. ಇಪ್ಪತ್ತಲ್ಲ, ಮೂವತ್ತು ಸಲ ಪಳಗಿಸಿದೆ. ಒಂದೇ ಬೆರಳಿಗೆ ನಿಲ್ಲುತ್ತಿತ್ತು! ಎರಡು ದಿನ ಬೆಟ್ಟದಲ್ಲಿ ತುಳಿದೆ, ಸದ್ದೇ ಇಲ್ಲ. ಇವತ್ತು ಮೂರನೇ ದಿನ, ಮತ್ತೆ ಕಿರುಚುತ್ತಿದೆ. ಹಿಡಿತ ಇದೆ, ಆದರೆ ಮೊದಲಿನಷ್ಟಿಲ್ಲ. ಕ್ಯಾಲಿಪರ್‌ನಿಂದಲೇ ಎಣ್ಣೆ ಸೋರುತ್ತಿದೆಯಾ?

ಕಾರವಾರದಿಂದ

ಇರಬಹುದು, ನೋಡಿಬಿಡೋಣ. ಕ್ಯಾಲಿಪರ್ ಒರೆಸಿ ಒಣಗಿಸಿ. ಚಕ್ರ, ಪ್ಯಾಡ್ ಎಲ್ಲ ಜಾಗದಲ್ಲೇ ಇರಲಿ. ಹಳೆ ಟ್ಯೂಬಿನ ಪಟ್ಟಿಯಿಂದ ಲಿವರನ್ನು ಬಿಗಿದು ಕಟ್ಟಿ ರಾತ್ರಿ ಇಡೀ ಬಿಡಿ. ಬೆಳಿಗ್ಗೆ ಟಿಶ್ಯೂ ಪೇಪರಿನಿಂದ ಪ್ಯಾಡನ್ನು ಒತ್ತುವ ಪಿಸ್ಟನ್ ಸುತ್ತ ಮುಟ್ಟಿ ನೋಡಿ. ಒದ್ದೆ ಇದ್ದರೆ ಸೀಲ್ ಹೋಗಿದೆ. ಒಣಗಿದ್ದರೆ ಎಣ್ಣೆ ಹೊರಗಿನಿಂದ ಬಂದಿದೆ. ಇವತ್ತು ಹೊರಡುವ ಮುಂಚೆ ಹೊಸದಾಗಿ ಏನಾದರೂ ಮಾಡಿದಿರಾ? ಚೈನಿಗೆ ಎಣ್ಣೆ ಬಿಟ್ಟಿರಾ?

ಕೇಳಿದವರು

ಟಿಶ್ಯೂ ಒಣಗಿಯೇ ಇತ್ತು. ಚೈನಿಗೆ ಏನೂ ಹಾಕಿಲ್ಲ. ಮಾಡಿದ್ದು ಒಂದೇ, ಸಿದ್ದಾಪುರದವರು ಹೇಳಿದ ಹಾಗೆ ಡೆಪಾ ಎಣ್ಣೆ ತಂದು ಹಚ್ಚಿಕೊಂಡೆ. ಆಮೇಲೆ ಗೆಳೆಯನ ಜೀಪಿನಲ್ಲಿ ಸೈಕಲ್ ಹಾಕಲು ಮುಂದಿನ ಚಕ್ರ ಬಿಚ್ಚಿ, ಅಲ್ಲಿ ಹೋಗಿ ಮತ್ತೆ ಕೂರಿಸಿದೆ.

ಬರೆಯುವಾಗಲೇ ಗೊತ್ತಾಯಿತು. ಎಣ್ಣೆ ಕೈಯಲ್ಲೇ ರೋಟರ್ ಹಿಡಿದಿದ್ದೇನೆ.

ಕಾರವಾರದಿಂದ

ಸಿಕ್ಕಿತಲ್ಲ. ಒಂದೇ ದಿನದ್ದು, ಬೆರಳಚ್ಚಿನಷ್ಟು. ಈ ಪ್ಯಾಡ್ ಉಳಿಯುತ್ತದೆ. ಎಮರಿ ಪೇಪರ್ ಮೇಲೆ ಹತ್ತು ಹನ್ನೆರಡು ಸಲ ಉಜ್ಜಿ, ರೋಟರನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಮತ್ತೆ ಇಪ್ಪತ್ತು ಸಲ ಪಳಗಿಸಿ. ಇನ್ನು ಮುಂದೆ ಚಕ್ರ ಕೂರಿಸಿ ಆದ ಮೇಲೆ, ಸೈಕಲಿನಿಂದ ನಾಲ್ಕು ಹೆಜ್ಜೆ ದೂರ ನಿಂತು ಎಣ್ಣೆ ಹಚ್ಚಿಕೊಳ್ಳಿ. ಅಂಗೈ ಸೋಪಿನಲ್ಲಿ ತೊಳೆದು ಸೈಕಲ್ ಹತ್ತಿ. ಗ್ರಿಪ್ ಜಾರಬಾರದಲ್ವಾ, ಅದಕ್ಕೂ ಒಳ್ಳೆಯದು.

ಸಿದ್ದಾಪುರದಿಂದ

ಬ್ರೇಕ್ ಕೂಗಿತು ಅಂತ ಡೆಪಾ ಎಣ್ಣೆ ಹಚ್ಚುವುದನ್ನು ಮಾತ್ರ ಬಿಡಬೇಡಿ. ಪ್ಯಾಡ್ ಇನ್ನೊಂದು ಸಿಗುತ್ತದೆ.

ಯಲ್ಲಾಪುರದಿಂದ

ನನ್ನ ಮಾತು ಕೇಳಿದ್ದರೆ ನೀವು ಹಾಗೇ ಘಟ್ಟ ಇಳಿಯುತ್ತಿದ್ದಿರಿ. ಬೇಜಾರಾಯಿತು, ಕ್ಷಮಿಸಿ. ಅರಬೈಲ್ ಘಟ್ಟ ತುಂಬಾ ಸಲ ಇಳಿದಿದ್ದೇನೆ, ಅದರಿಂದ ಒಂದು ಮಾತು. ಇಳಿಜಾರು ಉದ್ದಕ್ಕೂ ಬ್ರೇಕನ್ನು ಸಣ್ಣಗೆ ಹಿಡಿದುಕೊಂಡೇ ಇರಬೇಡಿ. ರೋಟರಿಗೆ ಆರಲು ಸಮಯವೇ ಸಿಗುವುದಿಲ್ಲ, ರೆಸಿನ್ ಪ್ಯಾಡ್ ಕಾದು ಹಿಡಿತ ಬಿಡುತ್ತದೆ. ತಿರುವಿಗೆ ಮುಂಚೆ ಎರಡೂ ಬ್ರೇಕ್ ಚೆನ್ನಾಗಿ ಹಿಡಿದು ವೇಗ ಇಳಿಸಿ, ತಿರುವಿನಲ್ಲಿ ಬಿಡಿ. ನಡುವೆ ಎರಡು ಕಡೆ ನಿಲ್ಲಿ. ನಿಂತಾಗ ರೋಟರ್ ಮುಟ್ಟಬೇಡಿ, ಚರ್ಮ ಸುಡುತ್ತದೆ. ಬೆಳಿಗ್ಗೆ ಘಟ್ಟದಲ್ಲಿ ಮಂಜು ಇರುತ್ತದೆ, ಲಾರಿಯವರಿಗೆ ಕಾಣುವಂತೆ ಹಿಂದೆ ಕೆಂಪು ಲೈಟ್ ಹಾಕಿ.

ಕೇಳಿದವರು

ಸಂಕ್ರಾಂತಿಯ ದಿನ ಇಳಿದು ಬಂದೆವು. ದೇವಿಮನೆ ದೇವಸ್ಥಾನದ ಹತ್ತಿರ ನಿಂತು ಕೈಮುಗಿದು, ಇಳಿಯುವ ಮುಂಚೆ ಮೂವರ ಬ್ರೇಕೂ ನೋಡಿದೆವು. ಗೆಳೆಯನ ಹಿಂದಿನ ಪ್ಯಾಡ್ ಸವೆದು ಕಾಗದದಷ್ಟಾಗಿತ್ತು. ಶಿಮಾನೊ ಪ್ಯಾಡಿಗೆ 0.5 ಮಿ.ಮೀ. ಕೊನೆಯ ಮಿತಿ. ಅವನು ಒಪ್ಪಲು ಹತ್ತು ನಿಮಿಷ ಹಿಡಿಯಿತು, ಕೊನೆಗೆ ಸೈಕಲನ್ನು ಜೀಪಿಗೆ ಹಾಕಿ ಅದರಲ್ಲೇ ಬಂದ.

ನನ್ನದು ಮೊದಲ ಎರಡು ತಿರುವಿನಲ್ಲಿ ಇಬ್ಬನಿಗೆ ಸಣ್ಣಗೆ ಕೂಗಿತು, ಆಮೇಲೆ ಕುಮಟಾವರೆಗೆ ಸದ್ದಿಲ್ಲ.